ಮಗ್ಗ ‘ಮಗ’ ಆದ ಬಗೆ: ದಾವಣಗೆರೆಯ ಒಂದು ಹೆವಿ ಮೆಟಲ್ ಆಲ್ಬಮ್‌ನ ಪ್ರಕರಣ ಅಧ್ಯಯನ

ಈ ಬರಹದಲ್ಲಿ ತಂಡದ ಹೆಸರಿಲ್ಲ, ಸದಸ್ಯರ ಹೆಸರಿಲ್ಲ, ರೆಕಾರ್ಡಿಂಗ್ ನಡೆದ ಗೋದಾಮಿನ ವಿಳಾಸವೂ ಇಲ್ಲ. ಗುರುತು ಹಿಡಿಯಬಹುದಾದ ವಿವರ ತೆಗೆದು, ಅಳತೆ, ಕೆಲಸದ ಕ್ರಮ ಮತ್ತು ತಪ್ಪುಗಳನ್ನು ಮಾತ್ರ ಉಳಿಸಿಕೊಂಡಿದೆ. ಸಣ್ಣ ಊರಿನಲ್ಲಿ ಕೂತು ಆಲ್ಬಮ್ ಮಾಡಲು ಹೊರಟವರಿಗೆ ಉಪಯೋಗಕ್ಕೆ ಬರುವುದು ಅವೇ.

ಹಿನ್ನೆಲೆ

ಐದು ಜನರ ತಂಡ. ಎರಡು ಗಿಟಾರ್, ಒಂದು ಬೇಸ್, ಡ್ರಮ್ಸ್, ಒಬ್ಬ ಗಾಯಕ. ಎಲ್ಲರೂ ದಾವಣಗೆರೆಯವರು, ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದವರು, ವಾರದಲ್ಲಿ ಎರಡು ಸಂಜೆ ಮಾತ್ರ ಒಟ್ಟಿಗೆ ಸಿಗುವವರು. ಬೆಂಗಳೂರಿನಲ್ಲಿ ಹೆವಿ ಮೆಟಲ್‌ಗೆ, ಅಂದರೆ ಭಾರವಾದ ಗಿಟಾರ್ ಸದ್ದಿನ ಈ ರಾಕ್ ಸಂಗೀತಕ್ಕೆ, ಹಳೆಯ ಕೇಳುಗರಿದ್ದಾರೆ. 2007ರಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ತಂಡಗಳು ಅಲ್ಲಿನ ಅರಮನೆ ಮೈದಾನದಲ್ಲಿ ನುಡಿಸಿ ಹೋದವು. ಅಲ್ಲಿಂದ ಸುಮಾರು 260 ಕಿಲೋಮೀಟರ್ ಆಚೆ, ದಾವಣಗೆರೆಯಲ್ಲಿ ವೇದಿಕೆ ಎಂದರೆ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ, ಕಾಲೇಜ್ ಡೇ, ದುಗ್ಗಮ್ಮನ ಜಾತ್ರೆ. ಕೇಳುಗರು ಯಾರು ಎಂಬ ಈ ಪ್ರಶ್ನೆಯನ್ನು ತಂಡ ಕೊನೆಯವರೆಗೂ ಕೇಳಿಕೊಳ್ಳಲಿಲ್ಲ.

ವಸ್ತು ಮಾತ್ರ ಊರಿನದೇ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಹತ್ತಿ ಮಿಲ್ಲುಗಳು ಬಾಗಿಲು ಹಾಕಿದ ಕಥೆ. ಎಂಟು ಹಾಡು, ಎಲ್ಲವೂ ಕನ್ನಡದಲ್ಲಿ, ಒಟ್ಟು 41 ನಿಮಿಷ. ಮೆಟಲ್‌ಗೂ ಮಿಲ್ಲಿಗೂ ಏನು ಸಂಬಂಧ ಎಂದು ಕೇಳುವವರಿದ್ದರು. ಆದರೆ ಈ ಸಂಗೀತ ಹುಟ್ಟಿದ್ದೇ ಕಾರ್ಖಾನೆಯ ಊರಿನಲ್ಲಿ. ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡರು. ಮುಂದೆ ತಂತಿಯ ಬಿಗಿ ಇಳಿಸಿ, ಶ್ರುತಿ ತಗ್ಗಿಸಿ ನುಡಿಸಿದರು. ಆ ತಗ್ಗಿದ ಶ್ರುತಿಯ ಭಾರವೇ ಹೆವಿ ಮೆಟಲ್‌ನ ಗುರುತಾಯಿತು. ಹಾಗಾಗಿ ವಸ್ತುವಿನ ಆಯ್ಕೆಯಲ್ಲಿ ತಪ್ಪಿರಲಿಲ್ಲ.

ಸಮಸ್ಯೆ

ಆಲ್ಬಮ್ ಹೊರಬಂದಾಗ ಎರಡೇ ದೂರು ಬಂದವು, ಎರಡೂ ಪದೇ ಪದೇ ಬಂದವು. ಒಂದು: ಏನು ಹಾಡುತ್ತಿದ್ದಾರೆ ಗೊತ್ತಾಗುವುದಿಲ್ಲ. ಇನ್ನೊಂದು: ಫೋನಿನಲ್ಲಿ ಹಾಕಿದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಕೇಳುತ್ತದೆ. ತಂಡ ಇದನ್ನು ಮಿಕ್ಸಿಂಗ್ (ಬೇರೆ ಬೇರೆ ವಾದ್ಯಗಳ ಧ್ವನಿಮುದ್ರಣವನ್ನು ಹದವಾಗಿ ಕೂಡಿಸುವ ಕೆಲಸ) ಮಾಡಿದವರ ತಪ್ಪು ಎಂದು ಬಗೆದು, ಬೇರೊಬ್ಬರಿಂದ ಮತ್ತೆ ಮಿಕ್ಸ್ ಮಾಡಿಸಿತು. ಎರಡನೆಯ ಮಿಕ್ಸ್ ಮೊದಲನೆಯದಕ್ಕಿಂತ ಜೋರಾಗಿತ್ತು, ಅಷ್ಟೇ. ಖರ್ಚಿನ ಅರ್ಧಕ್ಕಿಂತ ಹೆಚ್ಚು ಈ ಎರಡು ಮಿಕ್ಸ್‌ಗೆ ಹೋಗಿತ್ತು. ತಪ್ಪು ಇದ್ದದ್ದು ಅದಕ್ಕೂ ಹಿಂದೆ: ಒಂದರ ಮೇಲೊಂದು ಹೇರಿದ ಗಿಟಾರಿನ ಪದರಗಳಲ್ಲಿ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಸಾಹಿತ್ಯವನ್ನು ತಾಳಕ್ಕೆ ಕೂರಿಸಿದ ರೀತಿಯಲ್ಲಿ.

ಕೋಣೆ

ತಂಡ ಅಭ್ಯಾಸ ಮಾಡುತ್ತಿದ್ದುದು ಅಕ್ಕಿ ಗೋದಾಮಿನ ಪಕ್ಕದ ಒಂದು ಕೋಣೆಯಲ್ಲಿ. 20 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಡ್ರಮ್ಸ್ ರೆಕಾರ್ಡಿಂಗ್ ಮೊದಲು ಇಲ್ಲೇ ಶುರುವಾಯಿತು. ಅಳತೆ ನೋಡಿದ ಕೂಡಲೇ ಬೇಡ ಎನ್ನಬೇಕಿದ್ದ ಕೋಣೆ ಇದು. ಎದುರುಬದುರು ಎರಡು ಗೋಡೆಗಳ ನಡುವೆ ಶಬ್ದ ನಿಂತು ಮೊಳಗುವ ಕಂಪನವನ್ನು ಲೆಕ್ಕ ಹಾಕುವುದು ಸುಲಭ: ಶಬ್ದದ ವೇಗವನ್ನು (ಸೆಕೆಂಡಿಗೆ ಸುಮಾರು 343 ಮೀಟರ್) ಅಂತರದ ಎರಡು ಪಟ್ಟಿನಿಂದ ಭಾಗಿಸಿದರಾಯಿತು. 10 ಅಡಿ ಎಂದರೆ 3.05 ಮೀಟರ್, 343ನ್ನು 6.1ರಿಂದ ಭಾಗಿಸಿದರೆ 56 ಹರ್ಟ್ಸ್. ಅಗಲಕ್ಕೂ ಅದೇ, ಎತ್ತರಕ್ಕೂ ಅದೇ. ಉದ್ದಕ್ಕೆ 28 ಹರ್ಟ್ಸ್ ಬಂದರೂ ಅದರ ದುಪ್ಪಟ್ಟು ಮತ್ತೆ 56ಕ್ಕೇ ಬಂದು ಕೂರುತ್ತದೆ. ಮೂರು ದಿಕ್ಕಿನ ಮೊಳಗೂ ಒಂದೇ ಸ್ವರದಲ್ಲಿ. ಕಾಲಿನಿಂದ ಹೊಡೆಯುವ ಕಿಕ್ ಡ್ರಮ್ಮಿನ ಗುದ್ದು ಇರುವುದೂ ಅದರ ಆಸುಪಾಸಿನಲ್ಲೇ.

ನಿಧಾನದ ಹಾಡಾಗಿದ್ದರೆ ಹೇಗೋ ಸಾಗುತ್ತಿತ್ತು. ಇಲ್ಲಿ ಶೀರ್ಷಿಕೆ ಹಾಡಿನ ವೇಗ ನಿಮಿಷಕ್ಕೆ 180 ಬೀಟ್, ಎರಡೂ ಕಾಲಿನಿಂದ ಕಿಕ್ ಹೊಡೆಯುವ ಡಬಲ್ ಪೆಡಲ್ ಬೀಟಿಗೆ ನಾಲ್ಕು ಏಟಿನ ಓಟದಲ್ಲಿ. ಅಂದರೆ ಸೆಕೆಂಡಿಗೆ 12 ಏಟು, ಏಟಿಗೂ ಏಟಿಗೂ ನಡುವೆ 83 ಮಿಲಿಸೆಕೆಂಡ್. ಕೋಣೆಯ ಮೊಳಗು ಅದಕ್ಕಿಂತ ಬಹಳ ಹೊತ್ತು ನಿಲ್ಲುವುದರಿಂದ ಒಂದು ಏಟಿನ ಬಾಲದ ಮೇಲೆ ಮುಂದಿನ ಮೂರು ನಾಲ್ಕು ಏಟು ಬೀಳುತ್ತಿದ್ದವು. ಕೇಳಿದರೆ ಡ್ರಮ್ಸ್ ಅಲ್ಲ, ಹಿಟ್ಟಿನ ಗಿರಣಿ.

ಪರಿಹಾರ ಎಂದು ಗೋಡೆಗೆ ಗಾದಿ ಹೊಡೆದರು. ದಾವಣಗೆರೆಯಲ್ಲಿ ಹತ್ತಿಗೂ ಗಾದಿಗೂ ಬರವಿಲ್ಲ. ನಾಲ್ಕು ಇಂಚಿನ ಗಾದಿ ಸಿಂಬಲ್ಲಿನ (ಲೋಹದ ತಟ್ಟೆಯ) ಚುರುಕನ್ನು ತಿಂದಿತು, 56 ಹರ್ಟ್ಸನ್ನು ಮುಟ್ಟಲೇ ಇಲ್ಲ. ಆ ಕಂಪನದ ಅಲೆಯ ಉದ್ದ ಆರು ಮೀಟರಿಗೂ ಮೇಲೆ. ಅದನ್ನು ಹೀರಬೇಕಾದರೆ ದಪ್ಪ ಅಡಿಗಳ ಲೆಕ್ಕದಲ್ಲಿರಬೇಕು. ಫಲವಾಗಿ ಕೋಣೆ ಮೊದಲಿಗಿಂತ ಕೆಟ್ಟಿತು: ಮೇಲಿನ ಶಬ್ದ ಸತ್ತು, ಕೆಳಗಿನ ಗುಂಯ್‌ಗುಡಿತ ಮಾತ್ರ ಉಳಿಯಿತು. ಗಾದಿ, ಮೊಟ್ಟೆಯ ಟ್ರೇ, ತೆಳು ಫೋಮ್ ಹಚ್ಚಿದ ಕೋಣೆಗಳಲ್ಲೆಲ್ಲ ಇದೇ ಆಗುತ್ತದೆ. ಯಾರೋ ಮಿಲ್ಲಿನ ಹತ್ತಿ ಅಂಡಿಗೆಯನ್ನೇ ತಂದು ಮೂಲೆಗೆ ನಿಲ್ಲಿಸಿ ಎಂದು ಸಲಹೆ ಕೊಟ್ಟಿದ್ದರು. ಅದೂ ಉಪಯೋಗವಿಲ್ಲ. 170 ಕಿಲೋ ಹತ್ತಿಯನ್ನು ಒತ್ತಿ ಕಟ್ಟಿದ ಅಂಡಿಗೆ ಗೋಡೆಯಷ್ಟೇ ಗಟ್ಟಿ. ಗಾಳಿ ಒಳಗೆ ಹೋಗದ ವಸ್ತು ಶಬ್ದವನ್ನು ಹೀರುವುದಿಲ್ಲ. ಬಿಡಿಸಿದ ಹತ್ತಿಯಾದರೆ ಕೆಲಸ ಮಾಡೀತು, ಆದರೆ ಬಿಸಿ ಬಲ್ಬು ಮತ್ತು ಹಳೆಯ ವೈರಿಂಗ್ ಇರುವ ಕೋಣೆಯಲ್ಲಿ ಬಿಡಿ ಹತ್ತಿ ಇಡುವುದು ಬೆಂಕಿಯನ್ನು ಕರೆದಂತೆ.

ಹನ್ನೊಂದು ದಿನದ ಡ್ರಮ್ಸ್ ರೆಕಾರ್ಡಿಂಗ್ ಕಸಕ್ಕೆ ಹೋಯಿತು. ಇದು ಮೊದಲ ತಿರುವು, ಮತ್ತು ತಂಡ ತೆಗೆದುಕೊಂಡ ಮೊದಲ ಒಳ್ಳೆಯ ನಿರ್ಧಾರ. ಸರಿಮಾಡಿಕೊಳ್ಳೋಣ ಎಂದು ಅದನ್ನೇ ಇಟ್ಟುಕೊಂಡಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಗೋದಾಮು

ಪಕ್ಕದ ಗೋದಾಮು ದೊಡ್ಡದು, ತಗಡಿನ ಮಾಡು, ಅರ್ಧದಷ್ಟು ಭತ್ತದ ಚೀಲ. ಡ್ರಮ್ಸನ್ನು ನಡುಮಧ್ಯೆ ಇಡದೆ ಉದ್ದದ ಮೂರನೇ ಒಂದು ಭಾಗದಲ್ಲಿಟ್ಟು, ಮೂರು ಕಡೆ ಚೀಲಗಳನ್ನು ಐದು ಅಡಿ ಎತ್ತರಕ್ಕೆ ಅಟ್ಟಿ ಕಟ್ಟಿದರು. ಗೋಣಿಚೀಲದ ಭತ್ತ ಒರಟು, ಮೈತುಂಬ ಸಂದು. ನಡು ಮತ್ತು ಮೇಲಿನ ಶಬ್ದವನ್ನು ಚೆನ್ನಾಗಿ ನುಂಗುತ್ತದೆ, ಉಳಿದದ್ದನ್ನು ಚದುರಿಸುತ್ತದೆ. ಜಾಗ ದೊಡ್ಡದಾದ್ದರಿಂದ ಕೆಳಸ್ವರದ ಮೊಳಗು ಒಂದೇ ಕಡೆ ಗುಂಪಾಗುವುದಿಲ್ಲ. ತಗಡಿನ ಮಾಡಿನ ಪ್ರತಿಧ್ವನಿ ಮುರಿಯಲು ಡ್ರಮ್ಸ್ ಮೇಲೆ ಎರಡು ಜಮಖಾನೆಗಳನ್ನು ಸಡಿಲವಾಗಿ ಇಳಿಬಿಟ್ಟರು.

ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ಮುಟ್ಟಿಸುವ ಇಂಟರ್‌ಫೇಸ್‌ಗೆ ಎಂಟೇ ಇನ್‌ಪುಟ್. ಹಂಚಿಕೆ ಹೀಗಿತ್ತು: ಡ್ರಮ್ಮುಗಳ ಪೈಕಿ ಕಿಕ್ ಒಂದು, ಸ್ನೇರ್ ಒಂದು, ಟಾಮ್ ಮೂರು, ಮೇಲಿನಿಂದ ಹಿಡಿಯುವ ಓವರ್‌ಹೆಡ್ ಎರಡು, ದೂರದಿಂದ ಇಡೀ ಜಾಗದ ಶಬ್ದ ಹಿಡಿಯುವ ರೂಮ್ ಮೈಕ್ ಒಂದು. ಜೋಡಿ ಸಿಂಬಲ್ಲಾದ ಹೈಹ್ಯಾಟ್‌ಗೆ ಬೇರೆ ಮೈಕ್ ಇಲ್ಲ, ಬೇಕಾಗಿಯೂ ಇರಲಿಲ್ಲ. ಮೆಟಲ್ ಡ್ರಮ್ಮರುಗಳ ಹೈಹ್ಯಾಟ್ ಬೇಡವೆಂದರೂ ಎಲ್ಲ ಮೈಕಿಗೂ ನುಗ್ಗುತ್ತದೆ. ಎರಡೂ ಓವರ್‌ಹೆಡ್ ಮೈಕುಗಳು ಸ್ನೇರಿನ ನಡುವಿನಿಂದ ಸಮದೂರದಲ್ಲಿರಬೇಕು. ಅದಕ್ಕೆ ಟೇಪು ಬೇಡ, ಒಂದು ದಾರ ಸಾಕು: ಸ್ನೇರಿನ ಮೇಲೆ ಒಂದು ತುದಿ ಹಿಡಿದು ಎರಡೂ ಮೈಕಿಗೆ ಎಳೆದು ನೋಡಿದರಾಯಿತು. 34 ಸೆಂಟಿಮೀಟರ್ ವ್ಯತ್ಯಾಸವಾದರೆ ಸ್ನೇರಿನ ಏಟು ಒಂದು ಮೈಕಿಗೆ ಒಂದು ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡನ್ನೂ ಕೂಡಿಸಿದಾಗ ಕೆಲವು ಕಂಪನಗಳು ಒಂದನ್ನೊಂದು ಕೊಂದು, ಸ್ನೇರ್ ಕಾಗದದ ಹಾಗಾಗುತ್ತದೆ.

ಗೋದಾಮಿನ ತೊಂದರೆಗಳು ಬೇರೆ ಜಾತಿಯವು. ಪಾರಿವಾಳಗಳು. ರೈಲು. ಒಂದು ಸಂಜೆ ಮಳೆ ಬಂದು ತಗಡಿನ ಮೇಲೆ ಅರ್ಧ ಗಂಟೆ ಬೇರೆಯದೇ ಡ್ರಮ್ಸ್. ಪಕ್ಕದ ಮಿಲ್ಲಿನ ಮೋಟಾರ್ ಶುರುವಾದಾಗಲೆಲ್ಲ ವೋಲ್ಟೇಜ್ ಕುಸಿದು ಇಂಟರ್‌ಫೇಸ್ ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತಿತ್ತು. ಮೋಟಾರ್ ನಿಂತ ಮೇಲೆ, ರಾತ್ರಿ ಎಂಟರ ನಂತರ ಮಾತ್ರ ರೆಕಾರ್ಡ್ ಮಾಡುವುದು ಎಂದು ತೀರ್ಮಾನವಾಯಿತು.

ಆರು ರಾತ್ರಿಯಲ್ಲಿ ಎಂಟು ಹಾಡಿನ ಡ್ರಮ್ಸ್ ಮುಗಿದವು. ಆದರೆ ಇಲ್ಲೊಂದು ದೊಡ್ಡ ಮರೆವು. ಮೈಕುಗಳನ್ನು ಬಿಚ್ಚುವ ಮೊದಲು ಪ್ರತಿ ಡ್ರಮ್ಮಿನ ಬಿಡಿ ಏಟುಗಳನ್ನು, ಮೆಲ್ಲಗೆ, ನಡು, ಜೋರು ಹೀಗೆ ಮೂರು ಬಲದಲ್ಲಿ, ಒಂದೊಂದಕ್ಕೆ ಹತ್ತರಂತೆ ರೆಕಾರ್ಡ್ ಮಾಡಿಡಬೇಕು. ಸಿಂಬಲ್ ತುಂಬಾ ನುಗ್ಗಿದ ಟಾಮ್ ಏಟನ್ನೋ, ಸುಸ್ತಾದ ಕಾಲಿನ ಸಪ್ಪೆ ಕಿಕ್ಕನ್ನೋ ಮಿಕ್ಸಿಂಗ್‌ನಲ್ಲಿ ಅದೇ ಡ್ರಮ್ಮಿನ ಒಳ್ಳೆಯ ಏಟಿನಿಂದ ತುಂಬಬಹುದು. ಕೆಲಸ ಅರ್ಧ ಗಂಟೆಯದು. ಯಾರಿಗೂ ನೆನಪಾಗಲಿಲ್ಲ. ಮೂರು ವಾರದ ಮೇಲೆ ನೆನಪಾಗಿ ಮತ್ತೆ ಡ್ರಮ್ಸ್ ಕಟ್ಟಿದರೆ, ಮೈಕ್ ಎಷ್ಟು ದೂರದಲ್ಲಿತ್ತು, ಯಾವ ಕೋನದಲ್ಲಿತ್ತು, ಗೇನ್ (ಸದ್ದನ್ನು ಏರಿಸಿದ ಮಟ್ಟ) ಎಷ್ಟಿತ್ತು ಎಂದು ಯಾರೂ ಬರೆದಿಟ್ಟಿರಲಿಲ್ಲ. ಅಷ್ಟರಲ್ಲಿ ಭತ್ತದ ಚೀಲಗಳೂ ಮಾರಾಟವಾಗಿದ್ದವು. ಎರಡನೆಯ ಸಲದ ಏಟುಗಳು ಮೊದಲ ಸಲದವುಗಳ ಜೊತೆ ಕೂಡಲೇ ಇಲ್ಲ. ಕೊನೆಗೆ ಹಾಡುಗಳ ನಡುವೆ ಡ್ರಮ್ಮರ್ ಸುಮ್ಮನೆ ತಟ್ಟಿ ನೋಡಿದ್ದ ಏಟುಗಳನ್ನು ಹುಡುಕಿ ಹೆಕ್ಕಿ ಬಳಸಬೇಕಾಯಿತು. ಅಂದಿನಿಂದ ಪ್ರತಿ ಮೈಕಿಗೂ ಒಂದು ಚೀಟಿ: ಯಾವ ಮೈಕ್, ಎಷ್ಟು ದೂರ, ಯಾವ ಕಡೆ ಮುಖ, ಗೇನ್ ಎಷ್ಟು. ಜೊತೆಗೊಂದು ಫೋಟೋ.

ತಂತಿ, ಗೇನ್, ಮತ್ತು ಉಳಿಸಿದ ಒಂದು ವೈರ್

ಗಿಟಾರುಗಳ ಶ್ರುತಿ ಡ್ರಾಪ್ ಸಿ. ದಪ್ಪ ತಂತಿಯ ಕೆಳಸ್ವರ ಮಾಮೂಲಿನ 82.4 ಹರ್ಟ್ಸ್‌ನಿಂದ 65.4ಕ್ಕೆ ಇಳಿದಿತ್ತು. ತಂತಿ ಮಾತ್ರ ಮಾಮೂಲಿನ 10–46 ಸೆಟ್ಟೇ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಲೆಕ್ಕದಲ್ಲಿ). ಇಷ್ಟು ಸಡಿಲವಾದ ತಂತಿಯನ್ನು ಜೋರಾಗಿ ಹೊಡೆದರೆ, ಹೊಡೆದ ಕ್ಷಣಕ್ಕೆ ಶ್ರುತಿ ಮೇಲೇರಿ ಆಮೇಲೆ ಇಳಿಯುತ್ತದೆ. ಟ್ಯೂನರ್ ಸರಿ ಎನ್ನುತ್ತದೆ, ಕಿವಿ ಅಲ್ಲ ಎನ್ನುತ್ತದೆ. ಎರಡು ಗಿಟಾರ್ ಒಟ್ಟಿಗೆ ಬಂದಾಗ ಈ ಏರಿಳಿತ ಮಂಜಿನಂತೆ ಹಬ್ಬುತ್ತದೆ. ಬೇಕಾದದ್ದು 11–56 ಅಥವಾ 12–60. ದಪ್ಪ ತಂತಿ ಹಾಕಿದ ಮೇಲೆ ನಟ್ಟಿನಲ್ಲಿ (ಕತ್ತಿನ ತುದಿಯ ಪಟ್ಟಿ) ತಂತಿ ಕೂರುವ ಸೀಳನ್ನು ಉಜ್ಜಿ ಅಗಲಿಸಬೇಕು, ಕತ್ತಿನ ಬಾಗು ಸರಿಪಡಿಸಬೇಕು, ಇಂಟೊನೇಷನ್ (ಕತ್ತಿನುದ್ದಕ್ಕೂ ಸ್ವರ ಸರಿಬೀಳುವ ಹೊಂದಾಣಿಕೆ) ಮತ್ತೆ ಕೂರಿಸಬೇಕು. ಇಷ್ಟಾದದ್ದು ಎರಡು ಹಾಡು ಮುಗಿದ ಮೇಲೆ. ಆ ಎರಡೂ ಹಾಡನ್ನು ಮೊದಲಿನಿಂದ ನುಡಿಸಿದರು.

ಗೇನ್ ವಿಷಯದಲ್ಲಿ ಮಾತ್ರ ಹಟ. ಒಬ್ಬನೇ ಕೂತು ನುಡಿಸುವಾಗ ಹೆಚ್ಚು ಡಿಸ್ಟಾರ್ಷನ್, ಅಂದರೆ ಗೇನ್ ಏರಿಸಿದಾಗ ಬರುವ ಒರಟು ಸದ್ದು, ಸುಖ ಕೊಡುತ್ತದೆ; ಪೊಗದಸ್ತಾಗಿ ಕೇಳುತ್ತದೆ. ಅದನ್ನೇ ನಾಲ್ಕು ಸಲ ಒಂದರ ಮೇಲೊಂದು ಹೇರಿದಾಗ ಪಿಕ್ ತಂತಿಗೆ ತಗಲುವ ‘ಟಕ್’ ಮಾಯವಾಗಿ ಬರೀ ‘ಸ್ಸ್’ ಉಳಿಯುತ್ತದೆ. ಈ ತಂಡ ಇಬ್ಬರದೂ ಎರಡೆರಡು ಸಲ, ಒಟ್ಟು ನಾಲ್ಕು ಗಿಟಾರ್ ಪದರ ಹಾಕಿತ್ತು, ನಾಲ್ಕಕ್ಕೂ ಗೇನ್ ಮುಕ್ಕಾಲು ಭಾಗ ಮೇಲೆ. ಕೆಲಸ ಗೊತ್ತಿರುವವರು ಪದರ ಹೆಚ್ಚಾದಷ್ಟೂ ಗೇನ್ ಇಳಿಸುತ್ತಾರೆ.

ಆದರೆ ಆಲ್ಬಮ್‌ನ ಜೀವ ಉಳಿಸಿದ ಕೆಲಸವೂ ಇಲ್ಲೇ ಆಯಿತು, ಅದೂ ಹೆಚ್ಚು ಯೋಚಿಸದೆ. ಗಿಟಾರಿನಿಂದ ಬರುವ ವೈರನ್ನು ಡಿಐ ಬಾಕ್ಸಿನಲ್ಲಿ (ಗಿಟಾರನ್ನು ನೇರವಾಗಿ ರೆಕಾರ್ಡಿಂಗ್‌ಗೆ ಜೋಡಿಸುವ ಡಬ್ಬಿ) ಎರಡಾಗಿ ಒಡೆದು, ಒಂದನ್ನು ಆಂಪ್‌ಗೆ, ಇನ್ನೊಂದನ್ನು ನೇರ ಇಂಟರ್‌ಫೇಸ್‌ಗೆ ಕೊಟ್ಟರು. ಆಂಪಿನ ಶಬ್ದ ಒಂದು ಟ್ರ್ಯಾಕ್, ಏನೂ ಬಣ್ಣವಿಲ್ಲದ ತಂತಿಯ ಸದ್ದು ಇನ್ನೊಂದು. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೋನೊ ಟ್ರ್ಯಾಕ್ ನಿಮಿಷಕ್ಕೆ 8.64 ಎಂಬಿ, ಐದು ನಿಮಿಷದ ಹಾಡಿಗೆ 43 ಎಂಬಿ ಜಾಗ. ಖರ್ಚು ಅಷ್ಟೇ. ಮುಂದೆ ಎಂದಾದರೂ ಆಂಪಿನ ಶಬ್ದ ಬೇಡವೆನಿಸಿದರೆ ಈ ಬರಿಯ ಟ್ರ್ಯಾಕನ್ನು ಬೇರೆ ಆಂಪಿಗೋ ಆಂಪನ್ನು ಅನುಕರಿಸುವ ಕಂಪ್ಯೂಟರ್ ಪ್ಲಗಿನ್ನಿಗೋ ಕಳಿಸಿ, ನುಡಿಸಿದವನನ್ನು ಮತ್ತೆ ಕರೆಯದೆ, ಹೊಸ ಶಬ್ದ ತೆಗೆಯಬಹುದು.

ಹಮ್ ಬಗ್ಗೆ ಒಂದು ಮಾತು ಹೇಳಲೇಬೇಕು. ಗೋದಾಮಿನ ಅರ್ಥಿಂಗ್ ಸರಿಯಿರಲಿಲ್ಲ, ಸ್ಪೀಕರಿನಲ್ಲಿ ಗುಯ್ ಎಂಬ ಸದ್ದು. ಆಂಪಿನ ಪ್ಲಗ್‌ನ ಅರ್ಥ್ ಪಿನ್ ಬಿಚ್ಚಿದರೆ ಸದ್ದು ನಿಲ್ಲುತ್ತದೆ, ಮತ್ತು ನಮ್ಮ ಕಡೆ ಎಷ್ಟೋ ಜನ ಇದನ್ನೇ ಮಾಡುತ್ತಾರೆ. ಒಂದು ಕೈ ಗಿಟಾರಿನ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇರುವವನಿಗೆ ಅದು ಪ್ರಾಣಕ್ಕೇ ಸಂಚಕಾರ. ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ ಸಿಗ್ನಲ್ ವೈರಿನ ನೆಲವನ್ನು ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥನ್ನು ಮುಟ್ಟುವುದಿಲ್ಲ, ಒತ್ತಬೇಕಾದದ್ದು ಅದನ್ನು. ಲ್ಯಾಪ್‌ಟಾಪನ್ನು ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿದಾಗ ಉಳಿದ ಸದ್ದೂ ಹೋಯಿತು.

ಮೊದಲ ಬಿಡುಗಡೆ

ಮಿಕ್ಸ್ ಮಾಡುವಾಗ ತಂಡದ ಎಲ್ಲರೂ ಪಕ್ಕದಲ್ಲಿ ಕೂತಿದ್ದರು. ಪ್ರತಿಯೊಬ್ಬನಿಗೂ ತನ್ನ ವಾದ್ಯ ಇನ್ನೂ ಸ್ವಲ್ಪ ಮೇಲೆ ಬೇಕು. ಗಾಯಕ ಮಾತ್ರ ತನ್ನ ಧ್ವನಿ ಕೆಳಗಿರಲಿ ಎಂದ. ಮೆಟಲ್‌ನಲ್ಲಿ ಧ್ವನಿ ಗಿಟಾರಿನ ಗೋಡೆಯ ಒಳಗಿರಬೇಕು ಎಂಬುದು ಅವನು ಕೇಳಿ ಬೆಳೆದ ಆಲ್ಬಮ್‌ಗಳಿಂದ ಬಂದ ರುಚಿ. ಅನುಕರಣೆಗೆ ಆರಿಸಿಕೊಳ್ಳುವ ಆಲ್ಬಮ್‌ಗಳಲ್ಲೂ ತಪ್ಪುಗಳಿರುತ್ತವೆ. ಮೆಟಾಲಿಕಾದ 1988ರ ಆಲ್ಬಮ್‌ನಲ್ಲಿ ಬೇಸ್ ಗಿಟಾರ್ ಕೇಳುವುದೇ ಇಲ್ಲ ಎಂಬ ದೂರು ಇಂದಿಗೂ ನಿಂತಿಲ್ಲ. ಅದೇ ತಂಡದ 2008ರ ಆಲ್ಬಮ್ ಎಷ್ಟು ಜೋರಾಗಿತ್ತೆಂದರೆ, ಗಿಟಾರ್ ಹೀರೋ ಎಂಬ ವಿಡಿಯೊ ಗೇಮ್‌ಗೆ ಕೊಟ್ಟಿದ್ದ, ಅಷ್ಟು ಹಿಂಡದ ಆವೃತ್ತಿಯೇ ಚೆನ್ನಾಗಿದೆ ಎಂದು ಅಭಿಮಾನಿಗಳು ಅದನ್ನೇ ಹುಡುಕಿಕೊಂಡು ಹೋದರು.

ಇಲ್ಲೂ ಮಾಸ್ಟರನ್ನು (ಬಿಡುಗಡೆಯ ಅಂತಿಮ ಪ್ರತಿ) ಮೈನಸ್ 6 ಎಲ್‌ಯುಎಫ್‌ಎಸ್‌ಗೆ (ಹಾಡಿನ ಒಟ್ಟು ಜೋರನ್ನು ಅಳೆಯುವ ಮಾನ) ಏರಿಸಿದರು. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗಿನಲ್ಲಿ ಎಲ್ಲ ಹಾಡನ್ನೂ ಸುಮಾರು ಮೈನಸ್ 14ಕ್ಕೆ ಸಮ ಮಾಡುತ್ತದೆ. ಅಂದರೆ ಹಿಂಡಿ ಹಿಂಡಿ ಗಳಿಸಿದ 8 ಡೆಸಿಬಲ್ ಅಲ್ಲಿ ವಾಪಸ್ ಹೋಗುತ್ತದೆ, ಕಳೆದುಕೊಂಡ ಡ್ರಮ್ಮಿನ ಏಟಿನ ಚೂಪು ಮಾತ್ರ ವಾಪಸ್ ಬರುವುದಿಲ್ಲ. ಬೇಸ್ ಗಿಟಾರಿನ ಕೆಳಸ್ವರ 32.7 ಹರ್ಟ್ಸ್; ಫೋನಿನ ಸ್ಪೀಕರ್ ಅದರ ಹತ್ತಿರವೂ ಸುಳಿಯುವುದಿಲ್ಲ. ಜೇನುಗೂಡಿನ ದೂರಿನ ಮೂಲ ಇದು: ಬೇಸ್ ಇಲ್ಲ, ಕಿಕ್ ಇಲ್ಲ, ಮಾತಿಲ್ಲ, ನಾಲ್ಕು ಪದರದ ‘ಸ್ಸ್’ ಒಂದೇ ಇದೆ.

ಮೈಕ್‌ಸೆಟ್ಟಿನವರು ಮಾಡಿದ ಮಿಕ್ಸ್

ತಿರುವು ಬಂದದ್ದು ಊರಿನ ಒಂದು ಸಭಾಂಗಣದಲ್ಲಿ. ತಂಡದ ಪಾಲಿಗೆ ಸಿಕ್ಕಿದ್ದು 40 ನಿಮಿಷ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕಿತ್ತು. ಮಿಕ್ಸರಿನ ಹಿಂದೆ ಇದ್ದವರು ಆರ್ಕೆಸ್ಟ್ರಾಗಳಿಗೆ ಮೈಕ್‌ಸೆಟ್ ಹಾಕಿ ಪಳಗಿದ ಹಿರಿಯರು. ಅವರಿಗೆ ಗೊತ್ತಿದ್ದ ಕ್ರಮ ಒಂದೇ: ಮೊದಲು ಹಾಡುವವನ ಫೇಡರ್ (ಸದ್ದು ಏರಿಸಿ ಇಳಿಸುವ ಗುಂಡಿ) ಏರಿಸು, ಮಿಕ್ಕಿದ್ದನ್ನು ಅದರ ಕೆಳಗೆ ತಾ. ಗಿಟಾರಿನ ನಡುಸ್ವರ ಕತ್ತರಿಸಿದರು, ಸಿಂಬಲ್ ಮೈಕನ್ನು ಮುಚ್ಚಿಯೇ ಬಿಟ್ಟರು. ತಂಡದವರು ವೇದಿಕೆಯಿಂದಲೇ ಕೈಸನ್ನೆ ಮಾಡಿ ಗಿಟಾರ್ ಏರಿಸಲು ಹೇಳಿದರೂ ಕೇಳಲಿಲ್ಲ. ಹಾಡು ಅಂದ ಮೇಲೆ ಮಾತು ಕೇಳಬೇಕು ಎಂಬುದು ಅವರ ವಾದ. ಇಳಿದ ಮೇಲೆ ಜಗಳವೂ ಆಯಿತು.

ಆದರೆ ಶೀರ್ಷಿಕೆ ಹಾಡಿನ ಪಲ್ಲವಿ ಎರಡನೆಯ ಸಲ ಬರುವಷ್ಟರಲ್ಲಿ ಮುಂದೆ ಇದ್ದ ಕೇಳುಗರು ಅದನ್ನು ಒಟ್ಟಿಗೆ ಕೂಗುತ್ತಿದ್ದರು. ಆಲ್ಬಮ್ ಕೇಳಿದ್ದವರೇ ಆ ರಾತ್ರಿ ಮೊದಲ ಬಾರಿಗೆ ಪಲ್ಲವಿಯ ಸಾಲು ಏನೆಂದು ತಿಳಿದುಕೊಂಡರು. ಯಾರೋ ಫೋನಿನಲ್ಲಿ ಹಿಡಿದ ತುಣುಕು ಆಲ್ಬಮ್‌ಗಿಂತ ಹೆಚ್ಚು ಕೈ ದಾಟಿತು. ತಂಡ ಅದನ್ನೂ ಆಲ್ಬಮನ್ನೂ ಅಕ್ಕಪಕ್ಕ ಇಟ್ಟು ಕೇಳಿದಾಗ ಎರಡು ಸಂಗತಿ ಗೊತ್ತಾದವು.

ಮೊದಲನೆಯದು ಧ್ವನಿಯ ಜಾಗ. ವ್ಯಂಜನಗಳು ಸ್ಪಷ್ಟವಾಗುವುದು 2ರಿಂದ 5 ಕಿಲೋಹರ್ಟ್ಸ್ ನಡುವೆ. ಡಿಸ್ಟಾರ್ಷನ್ ಗಿಟಾರಿನ ಕೆರೆತ ಇರುವುದೂ ಅಲ್ಲೇ, ಸಿಂಬಲ್ಲಿನ ಸಿಡಿತ ಶುರುವಾಗುವುದೂ ಅಲ್ಲೇ. ಧ್ವನಿಯ ಫೇಡರನ್ನು ಎಷ್ಟು ಏರಿಸಿದರೂ ಆ ಜಾಗ ಖಾಲಿಯಾಗದೆ ಮಾತು ಹೊರಬರುವುದಿಲ್ಲ.

ಎರಡನೆಯದು ಇನ್ನೂ ಮುಖ್ಯ. ಆ ಸಾಲು ಹೀಗಿದೆ: ‘ಮಗ್ಗ ನಿಂತ ರಾತ್ರಿ ಊರು ನಿದ್ದೆ ಮಾಡಲಿಲ್ಲ’. ಆಲ್ಬಮ್‌ನಲ್ಲಿ ಕೇಳಿದವರಿಗೆ ಅದು ‘ಮಗ ನಿಂತ’ ಎಂದು ಕೇಳಿಸುತ್ತಿತ್ತು, ಹಲವರು ಹಾಗೇ ತಿಳಿದಿದ್ದರು ಕೂಡ. ಹದಿನಾಲ್ಕು ಅಕ್ಷರವನ್ನು ಹದಿನಾರು ಏಟಿನ ಒಂದು ಬಾರ್‌ಗೆ (ತಾಳದ ಒಂದು ಆವರ್ತಕ್ಕೆ), ಅಕ್ಷರಕ್ಕೆ ಒಂದು ಏಟಿನಂತೆ ತುರುಕಿದ್ದರು. ಇಂಗ್ಲಿಷ್ ಹಾಡುಗಳನ್ನು ಕೇಳಿ ಬಂದ ಅಭ್ಯಾಸ ಅದು. ಕನ್ನಡ ಹಾಗೆ ಎಣಿಸಿಕೊಳ್ಳುವುದಿಲ್ಲ. ಶಾಲೆಯಲ್ಲಿ ಪ್ರಸ್ತಾರ ಹಾಕುವಾಗ ಎಲ್ಲರೂ ಕಲಿತದ್ದೇ: ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅದಕ್ಕೆ ಎರಡು ಮಾತ್ರೆ. ‘ಮಗ’ ಎರಡು ಮಾತ್ರೆ, ‘ಮಗ್ಗ’ ಮೂರು. ‘ಗ್ಗ’ದಲ್ಲಿ ನಾಲಿಗೆಯ ಬುಡ ಉಸಿರನ್ನು ತಡೆದು ನಿಲ್ಲುವ ಆ ಒಂದು ಮಾತ್ರೆಯೇ ಅರ್ಥವನ್ನು ಬೇರೆ ಮಾಡುವುದು. ಆ ತಡೆಗೆ ಹೊತ್ತು ಕೊಡದಿದ್ದರೆ ಮಗ್ಗ ಮಗನಾಗುತ್ತದೆ. ‘ರಾತ್ರಿ’, ‘ಊರು’ಗಳ ದೀರ್ಘಕ್ಕೂ ಅದೇ ಗತಿ. ಸಾಲದ್ದಕ್ಕೆ ಧ್ವನಿಗೆ ಹಾಕಿದ್ದ ಉದ್ದನೆಯ ರಿವರ್ಬ್ (ಕೃತಕ ಮೊಳಗು), ಒತ್ತಿನ ಚಿಕ್ಕ ಮೌನವನ್ನೂ ಹಿಂದಿನ ಅಕ್ಷರದ ಬಾಲದಿಂದ ತುಂಬಿಬಿಡುತ್ತಿತ್ತು.

ವೇದಿಕೆಯ ಮೇಲೆ ಗಾಯಕನಿಗೆ ಉಸಿರು ಸಾಲಲಿಲ್ಲ. ಹಾಗಾಗಿ ಅವನು ಸಾಲನ್ನು ತನಗರಿವಿಲ್ಲದೆ ಎರಡು ಬಾರ್‌ಗೆ ಹಿಗ್ಗಿಸಿದ್ದ. ಎಣಿಸಿ ನೋಡಿದರೆ ಮಗ್ಗ ಮೂರು, ನಿಂತ ಮೂರು, ರಾತ್ರಿ ಮೂರು, ಊರು ಮೂರು, ನಿದ್ದೆ ಮೂರು, ಮಾಡಲಿಲ್ಲ ಆರು. ಒಟ್ಟು 21 ಮಾತ್ರೆ. ಮಾತ್ರೆಗೆ ಒಂದು ಏಟು. ಎರಡು ಬಾರ್‌ನ 32 ಏಟಿನಲ್ಲಿ 21 ಮಾತಿಗೆ, ಉಳಿದ 11 ಉಸಿರಿಗೆ ಮತ್ತು ಗಿಟಾರಿಗೆ. ಕೆಳಗೆ ಕಿಕ್ ನಾಲ್ಕು ನಾಲ್ಕಾಗಿ ಓಡುತ್ತಿದ್ದರೆ ಮೇಲೆ ಮಾತು ಮೂರು ಮೂರಾಗಿ ಬೀಳುತ್ತದೆ. ಆ ಎಳೆದಾಟ ಮೆಟಲ್‌ಗೆ ಹೇಳಿ ಮಾಡಿಸಿದ್ದು. ಮೊದಲಿನ ಲೆಕ್ಕದಲ್ಲಿ ಸೆಕೆಂಡಿಗೆ 12 ಅಕ್ಷರ ಉಗುಳಬೇಕಿತ್ತು, ಈಗ ಎಂಟು.

ಮತ್ತೆ ಮಾಡಿದ್ದು

ಡ್ರಮ್ಸ್ ಮುಟ್ಟಲಿಲ್ಲ. ಡಿಐ ಟ್ರ್ಯಾಕ್ ಇದ್ದದ್ದರಿಂದ ಗಿಟಾರನ್ನೂ ಮತ್ತೆ ನುಡಿಸಲಿಲ್ಲ. ನಾಲ್ಕು ಪದರದಲ್ಲಿ ಎರಡನ್ನು ತೆಗೆದುಹಾಕಿ, ಉಳಿದ ಎರಡನ್ನು ಎಡ ಬಲದ ತುದಿಗೆ ತಳ್ಳಿ, ಗೇನ್ ಅರ್ಧದ ಹತ್ತಿರ ಇಟ್ಟು ಹೊಸದಾಗಿ ಆಂಪಿನಿಂದ ತೆಗೆದರು. 90 ಹರ್ಟ್ಸ್‌ಗಿಂತ ಕೆಳಗಿನದನ್ನು ಗಿಟಾರಿನಿಂದ ಕತ್ತರಿಸಿ ಬೇಸ್‌ಗೆ ಬಿಟ್ಟುಕೊಟ್ಟರು. ಧ್ವನಿ ಬಂದಾಗ ಮಾತ್ರ ಗಿಟಾರಿನ 2.5 ಕಿಲೋಹರ್ಟ್ಸ್ ಸುತ್ತ ಮೂರು ಡೆಸಿಬಲ್ ತಗ್ಗುವಂತೆ ಹೊಂದಿಸಿದರು. ಬೇಸನ್ನು ಎರಡಾಗಿ ಒಡೆದು, ಕೆಳಗಿನದನ್ನು ಹಾಗೇ ಇಟ್ಟು, ಮೇಲಿನದಕ್ಕೆ ಸ್ವಲ್ಪ ಡಿಸ್ಟಾರ್ಷನ್ ಕೊಟ್ಟರು. ಫೋನಿನ ಸ್ಪೀಕರ್ 32 ಹರ್ಟ್ಸ್ ನುಡಿಸದಿದ್ದರೂ ಅದರ ಮೇಲಿನ ಸ್ವರಗಳು ಸಿಕ್ಕರೆ ಬುಡದ ಸ್ವರವನ್ನು ಕಿವಿ ತಾನೇ ಊಹಿಸಿಕೊಳ್ಳುತ್ತದೆ. ಮಾಸ್ಟರ್ ಮೈನಸ್ 10ಕ್ಕೆ ನಿಂತಿತು.

ಧ್ವನಿಯನ್ನು ಮಾತ್ರ ಪೂರ್ತಿ ಹೊಸದಾಗಿ ಹಾಡಿಸಿದರು. ಎಂಟು ಹಾಡಿನ ಸಾಹಿತ್ಯಕ್ಕೂ ಪೆನ್ನು ಹಿಡಿದು ಮಾತ್ರೆ ಹಾಕಿ, ಹೊಂದದ ಕಡೆ ಪದ ಬದಲಿಸಿದರು. ಗ್ರೌಲ್, ಅಂದರೆ ಗುರುಗುಟ್ಟುವ ಧ್ವನಿಯಲ್ಲಿ, ಹಾಡುವವನ ಗಂಟಲು ಒಂದೇ ಸಮನೆ ಅರ್ಧ ಗಂಟೆಗಿಂತ ಹೆಚ್ಚು ತಡೆಯುವುದಿಲ್ಲ, ಆಮೇಲೆ ಬರುವ ಟೇಕ್‌ಗಳು ಬರೀ ಕೆಮ್ಮು. ದಿನಕ್ಕೆ ಒಂದು ಹಾಡು, ನಡುವೆ ಉಗುರುಬೆಚ್ಚಗಿನ ನೀರು. ವೇದಿಕೆಯ ಚಾಳಿಯಂತೆ ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವುದನ್ನು ಬಿಡಿಸಲು ಮೈಕನ್ನು ಸ್ಟ್ಯಾಂಡಿಗೆ ಕಟ್ಟಿದರು. ಚೀಟಿಯಲ್ಲಿ ಬರೆದರು: ಡೈನಮಿಕ್ ಮೈಕ್, ಬಾಯಿಂದ ನಾಲ್ಕು ಬೆರಳು, ಮೂಗಿನ ಮಟ್ಟಕ್ಕೆ, ಕೆಳಮುಖ. ರಿವರ್ಬ್ ಬಹುತೇಕ ತೆಗೆದರು.

ಇದೇ ಹೊತ್ತಿಗೆ, ಮೊದಲ ರೆಕಾರ್ಡಿಂಗ್ ಮುಗಿಸಿ ತಂಡ ಬಿಟ್ಟಿದ್ದ ಡ್ರಮ್ಮರ್ ತನ್ನ ಪಾಲು ಕೇಳಿದ. ಯಾವ ಹಾಡಿನ ರಚನೆ ಯಾರದು ಎಂದು ಎಲ್ಲೂ ಬರೆದಿರಲಿಲ್ಲ. ಸಾಹಿತ್ಯ ಮತ್ತು ಸಂಗೀತದ ಹಕ್ಕು ರಚಿಸಿದವರ ಜೀವಿತದ ನಂತರವೂ 60 ವರ್ಷ ಇರುತ್ತದೆ. ಧ್ವನಿಮುದ್ರಣದ ಹಕ್ಕು ಅದರಿಂದ ಬೇರೆ. ಮೊದಲ ಅಭ್ಯಾಸದ ದಿನವೇ ಒಂದು ಹಾಳೆಯಲ್ಲಿ ಪಾಲು ಬರೆದು ಸಹಿ ಹಾಕಿದ್ದರೆ ಎರಡು ತಿಂಗಳ ತಡ ತಪ್ಪುತ್ತಿತ್ತು.

ಎರಡನೆಯ ಬಿಡುಗಡೆ

ಈ ಸಲ ಎಂಟನ್ನೂ ಒಂದೇ ದಿನ ಬಿಡಲಿಲ್ಲ. ಶೀರ್ಷಿಕೆ ಹಾಡು ಮೊದಲು, ಸಾಹಿತ್ಯ ಪರದೆಯ ಮೇಲೆ ಬರುವಂತೆ. ಮೆಟಲ್ ಕೇಳಿ ಪಳಗಿದ ಕೆಲವರಿಗೆ ಇದು ಹಿಡಿಸಲಿಲ್ಲ. ಗಿಟಾರಿನ ಗೋಡೆ ತೆಳುವಾಯಿತು, ಮೊದಲಿನದರಲ್ಲೇ ಕಸುವಿತ್ತು ಎಂದರು. ಅವರ ಮಾತಿನಲ್ಲೂ ಹುರುಳಿದೆ: ನಾಲ್ಕು ಪದರದ ಒರಟುತನಕ್ಕೆ ಅದರದೇ ರುಚಿಯಿತ್ತು, ಎರಡು ಹಾಡಿನಲ್ಲಿ ಅದನ್ನು ಉಳಿಸಿಕೊಳ್ಳಬಹುದಿತ್ತು. ಆದರೆ ಹೊಸ ಕೇಳುಗರು ಬಂದದ್ದು ತಂಡ ಲೆಕ್ಕಕ್ಕೇ ಇಟ್ಟುಕೊಳ್ಳದ ಕಡೆಯಿಂದ. ಹಿಂದೆ ಮಿಲ್ಲಿನಲ್ಲಿ ದುಡಿದಿದ್ದ ಹಿರಿಯರಿಗೆ ಮೊಮ್ಮಕ್ಕಳು ಹಾಕಿ ಕೇಳಿಸಿದರು.

ಮಾತು ಕೇಳತೊಡಗಿದ ಕೂಡಲೇ ಮಾತಿನ ತಪ್ಪೂ ಕೇಳಿಸಿತು. ಮೂರನೆಯ ಹಾಡಿನಲ್ಲಿ ಮಗ್ಗ ನೂಲು ತೆಗೆಯಿತು ಎಂಬ ಅರ್ಥದ ಒಂದು ಸಾಲಿತ್ತು. ಮಗ್ಗ ನೂಲು ತೆಗೆಯುವುದಿಲ್ಲ, ನೂಲು ಬರುವುದು ರಿಂಗ್ ಫ್ರೇಮಿನಿಂದ, ಮಗ್ಗ ಅದನ್ನು ತಿನ್ನುತ್ತದೆ ಎಂದು ಸ್ಪಿನ್ನಿಂಗ್ ಖಾತೆಯಲ್ಲಿದ್ದ ನಿವೃತ್ತರೊಬ್ಬರು ಹೇಳಿ ಕಳಿಸಿದರು. ಮೊದಲ ಆವೃತ್ತಿಯಲ್ಲೂ ಆ ತಪ್ಪು ಇದ್ದೇ ಇತ್ತು, ಯಾರಿಗೂ ಕೇಳಿರಲಿಲ್ಲ. ತಂಡ ಸಾಲನ್ನು ತಿದ್ದಿ, ಮಾತ್ರೆ ಎಣಿಸಿ, ಸ್ಟ್ಯಾಂಡ್ ನಿಲ್ಲಿಸಿ, ಚೀಟಿ ತೆಗೆದು ನೋಡಿ ಮೈಕನ್ನು ನಾಲ್ಕು ಬೆರಳ ದೂರಕ್ಕೆ ಇಟ್ಟಿತು. ಮೂರನೆಯ ಟೇಕ್ ಹಳೆಯ ಹಾಡಿನ ಜೊತೆ ಹೊಂದಿಕೊಂಡಿತು.